ಅಶ್ಶಾಫ್ ಎಂಬ ಮಾತು: ದಾನಿಯೇಲನ ಗ್ರಂಥದ ಮಂತ್ರವಾದಿಗಳು ಯಾರು?

ಓದತಕ್ಕ ಭಾಗಗಳು: ದಾನಿಯೇಲ ೧:೧೭-೨೧, ೨:೧-೩೦, ಧರ್ಮೋಪದೇಶಕಾಂಡ ೧೮:೯-೧೪.



ನೆಬೂಕದ್ನೆಚ್ಚರನು ಕನಸು ಕಂಡು ಕಳವಳಪಟ್ಟು, ಅದನ್ನು ತಿಳಿಸುವದಕ್ಕಾಗಿ ತನ್ನ ರಾಜ್ಯದ ವಿದ್ವಾಂಸರನ್ನು ಕರೆಯಿಸಿದ ಸಂಗತಿಯು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದದ್ದಾಗಿದೆ. ಆ ಸಂಗತಿಯನ್ನು ಓದುವಾಗ ಒಂದೇ ವಚನದಲ್ಲಿ ನಾಲ್ಕು ವಿಧವಾದ ಜನರ ಹೆಸರುಗಳು ಸಾಲಾಗಿ ಬರುತ್ತವೆ (ದಾನಿ. ೨:೨). ಜೋಯಿಸರು, ಮಂತ್ರವಾದಿಗಳು, ಮಾಟಗಾರರು, ಪಂಡಿತರು ಎಂಬಂಥ ಮಾತುಗಳಿಂದ ಅವರನ್ನು ಕನ್ನಡದಲ್ಲಿ ಕರೆಯುವದುಂಟು. ಓದುವವನು ಈ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಓದಿಬಿಡುತ್ತಾನೆ. ಕೇಳುವವರೋ, ಇವರೆಲ್ಲರೂ ಒಂದೇ ಕಸಬಿನವರು, ನಿಂಬೆಹಣ್ಣು ಕೊಯ್ದು ತಾಯಿತ ಕಟ್ಟುವ ನಮ್ಮೂರ ಮಂತ್ರಗಾರನಂಥವರೇ ಎಂದು ನೆನಸಿ ಮುಂದಕ್ಕೆ ಹೋಗುತ್ತಾರೆ.

ಆದರೆ ನಿಧಾನವಾಗಿ ಓದುವವರಿಗೆ ಇಲ್ಲಿ ಒಂದು ತೊಡಕು ಕಾಣಬರುವದು. ದಾನಿಯೇಲನೂ ಅವನ ಮೂವರು ಗೆಳೆಯರೂ ಕಸ್ದೀಯರ ಭಾಷೆಯನ್ನೂ ಶಾಸ್ತ್ರಗಳನ್ನೂ ಕಲಿತರೆಂತಲೂ (೧:೪, ೧೭), ಅರಸನು ಪರೀಕ್ಷಿಸಿದಾಗ ಅವರು ಈ ಮಂತ್ರವಾದಿಗಳಿಗಿಂತ ಹತ್ತರಷ್ಟು ಉತ್ತಮರಾಗಿ ಕಂಡರೆಂತಲೂ (೧:೨೦), ಕಡೆಗೆ ದಾನಿಯೇಲನೇ ಅವರೆಲ್ಲರಿಗೂ ಅಧ್ಯಕ್ಷನಾಗಿ ನೇಮಿಸಲ್ಪಟ್ಟನೆಂತಲೂ (೨:೪೮, ೫:೧೧) ಬರೆದದೆ. ಹೀಗಿರಲಾಗಿ ಸತ್ಯವೇದಪಾಠದಲ್ಲಿ ಒಬ್ಬ ಹುಡುಗನು ಎದ್ದು, ‘ಅಯ್ಯನವರೇ, ಹಾಗಾದರೆ ದಾನಿಯೇಲನೂ ಮಂತ್ರವಾದಿಯೋ?’ ಎಂದು ಕೇಳಿದರೆ ಉಪದೇಶಿಯು ಏನು ಉತ್ತರ ಕೊಡಬೇಕು? ಮೋಶೆಯ ಧರ್ಮಶಾಸ್ತ್ರವು ಮಾಟಮಂತ್ರಗಳನ್ನು ನಿಷೇಧಿಸುತ್ತದಲ್ಲವೇ? ಈ ಪ್ರಶ್ನೆಯು ಸಣ್ಣದಲ್ಲ. ಕೂಸಿಗೆ ಜ್ವರ ಏರಿದ ರಾತ್ರಿಯಲ್ಲಿ ನೆರೆಯವರು ‘ಒಂದು ಸಾರಿ ಮಂತ್ರ ಹಾಕಿಸಿ ನೋಡಿರಿ’ ಎಂದು ಹೇಳುವಾಗ, ನಮ್ಮ ಸಭೆಯ ತಾಯಂದಿರ ಎದುರಿಗೆ ನಿಲ್ಲುವ ಪ್ರಶ್ನೆಯೂ ಇದಕ್ಕೆ ಸಂಬಂಧಪಟ್ಟದ್ದೇ. ಆದಕಾರಣ ಈ ಪಾಠದಲ್ಲಿ ಆ ನಾಲ್ಕು ಹೆಸರುಗಳೊಳಗೆ ಎರಡನೆಯದಾದ ‘ಅಶ್ಶಾಫ್’ ಎಂಬ ಮಾತನ್ನು ವಿಚಾರಿಸೋಣ.

೧. ಈ ಮಾತು ಎಲ್ಲೆಲ್ಲಿ ಬರುತ್ತದೆ?

ಹಳೇ ಒಡಂಬಡಿಕೆಯ ಎಲ್ಲಾ ಗ್ರಂಥಗಳನ್ನು ಹುಡುಕಿದರೂ ಈ ಮಾತು ದಾನಿಯೇಲನ ಗ್ರಂಥವೊಂದರಲ್ಲಿ ಮಾತ್ರವೇ ಸಿಕ್ಕುವದು; ಅಲ್ಲಿಯೂ ಎಂಟೇ ಸಾರಿ ಬರುವದು. ದಾನಿಯೇಲನ ಗ್ರಂಥವು ಎರಡು ಭಾಷೆಗಳಲ್ಲಿ ಬರೆಯಲ್ಪಟ್ಟದೆಂಬದನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಆರಂಭದಿಂದ ೨:೪ರ ನಡುವಿನ ವರೆಗೆ ಇಬ್ರಿಯ ಭಾಷೆ, ಅಲ್ಲಿಂದ ಏಳನೆಯ ಅಧ್ಯಾಯದ ಕೊನೆಯ ವರೆಗೆ ಅರಾಮ್ಯ ಭಾಷೆ, ಆಮೇಲೆ ಪುನಃ ಇಬ್ರಿಯ ಭಾಷೆ. ಇಬ್ರಿಯ ಭಾಗದಲ್ಲಿ ನಮ್ಮ ಮಾತು ಎರಡು ಸಾರಿ (೧:೨೦, ೨:೨) ‘ಅಶ್ಶಾಫೀಮ್’ ಎಂಬ ಬಹುವಚನರೂಪದಲ್ಲಿ ಬರುತ್ತದೆ. ಅರಾಮ್ಯ ಭಾಗದಲ್ಲಿ ಆರು ಸಾರಿ (೨:೧೦, ೨೭; ೪:೭; ೫:೭, ೧೧, ೧೫) ‘ಆಶಫ್’ ಎಂಬ ರೂಪದಲ್ಲಿಯೂ ಅದರ ಬಹುವಚನದಲ್ಲಿಯೂ ಬರುತ್ತದೆ.

ಇಬ್ರಿಯ ಭಾಷೆಯಲ್ಲಿ ಕಸಬಿನವರ ಹೆಸರುಗಳು ಅನೇಕವೇಳೆ ನಡುವಣ ಅಕ್ಷರವು ಒತ್ತಕ್ಷರವಾಗುವ ಒಂದು ಅಚ್ಚಿನಲ್ಲಿ ಎರಕವಾಗಿರುತ್ತವೆ. ನ್ಯಾಯ ತೀರಿಸುವವನು ‘ದಯ್ಯಾನ್’, ಅಡಿಗೆಯವನು ‘ಟಬ್ಬಾಹ್’, ಕಳ್ಳನು ‘ಗನ್ನಾಬ್’. ಅದೇ ಅಚ್ಚಿನಲ್ಲಿ ‘ಅಶ್ಶಾಫ್’ ಎಂಬದೂ ಒಬ್ಬ ಕಸಬುದಾರನ ಹೆಸರೆಂದು ಕೂಡಲೇ ತಿಳಿಯಬಹುದು. ಆದರೆ ಒಂದು ವಿಶೇಷವುಂಟು. ದಯ್ಯಾನ್ ಎಂಬದಕ್ಕೆ ‘ನ್ಯಾಯತೀರಿಸು’ ಎಂಬ ಕ್ರಿಯಾಪದವೂ, ಗನ್ನಾಬ್ ಎಂಬದಕ್ಕೆ ‘ಕದಿ’ ಎಂಬ ಕ್ರಿಯಾಪದವೂ ಇಬ್ರಿಯ ಭಾಷೆಯಲ್ಲಿಯೇ ಅವೆ. ಅಶ್ಶಾಫ್ ಎಂಬದಕ್ಕೋ ಅಂಥ ಕ್ರಿಯಾಪದವು ಸತ್ಯವೇದದಲ್ಲಿ ಎಲ್ಲಿಯೂ ಕಾಣುವದಿಲ್ಲ. ತಾಯಿ ತಂದೆಗಳಿಲ್ಲದ ಮಗುವು ಹಟ್ಟಿಯಲ್ಲಿ ಕಂಡರೆ, ಇದು ಬೇರೆ ಊರಿನಿಂದ ಬಂದದ್ದೆಂದು ತಿಳಿಯುವಂತೆ, ಈ ಮಾತೂ ಬೇರೆ ಭಾಷೆಯಿಂದ ಬಂದದ್ದೆಂದು ತಿಳಿಯತಕ್ಕದ್ದು.

೨. ಈ ಮಾತು ಎಲ್ಲಿಂದ ಬಂತು?

ಇದು ಬಾಬೆಲಿನಿಂದಲೇ ಬಂತು. ಬಾಬೆಲಿನವರೂ ಅಶ್ಶೂರ್ಯರೂ ಆಡಿದ ಪುರಾತನ ಭಾಷೆಯನ್ನು ಪಂಡಿತರು ಅಕ್ಕದ ಭಾಷೆ ಎಂದು ಕರೆಯುತ್ತಾರೆ. ಅವರು ಹಸಿ ಮಣ್ಣಿನ ಹಲಗೆಗಳ ಮೇಲೆ ಜೊಂಡಿನ ಕಡ್ಡಿಯಿಂದ ಮೊಳೆಯಾಕಾರದ ಅಕ್ಷರಗಳನ್ನು ಒತ್ತಿ ಬರೆಯುತ್ತಿದ್ದರು. ಆ ಭಾಷೆಯಲ್ಲಿ ‘ಆಶಿಪು’ ಎಂಬದು ಮಂತ್ರ ಹೇಳಿ ದೆವ್ವ ಬಿಡಿಸುವವನ ಹೆಸರು. ‘ಶಿಪ್ತು’ ಅಂದರೆ ಅವನು ಹೇಳುವ ಮಂತ್ರ. ‘ಆಶಿಪೂತು’ ಅಂದರೆ ಅವನ ವಿದ್ಯೆ. ಇವೆಲ್ಲವೂ ಮಂತ್ರ ಹೇಳುವದೆಂಬ ಅರ್ಥವುಳ್ಳ ಒಂದೇ ಧಾತುವಿನಿಂದ ಹುಟ್ಟಿದವುಗಳು. ಇಬ್ರಿಯ ಉಚ್ಚಾರಣೆಯಲ್ಲಿ ಸ್ವರದ ಹಿಂದೆ ಬರುವ ಪಕಾರವು ಫಕಾರವಾಗುವ ರೂಢಿಯಿರುವದರಿಂದ ಆಶಿಪು ಎಂಬದು ಅಶ್ಶಾಫ್ ಎಂದಾಯಿತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಳುವವರು ಬದಲಾದಾಗ ಅವರ ಉದ್ಯೋಗಗಳ ಹೆಸರುಗಳೂ ಜನರ ಬಾಯಿಗೆ ಬರುವವು. ದಿವಾನ, ತಹಸೀಲ್ದಾರ, ಜಮೀನ್ದಾರ ಎಂಬ ಮಾತುಗಳು ಪಾರಸಿಯಿಂದಲೂ, ಕಲೆಕ್ಟರು ಎಂಬ ಮಾತು ಇಂಗ್ಲಿಷಿನಿಂದಲೂ ನಮ್ಮ ಕನ್ನಡಕ್ಕೆ ಬಂದದ್ದು ಹೀಗೆಯೇ. ಯೆಹೂದದ ಸೆರೆಯವರು ಬಾಬೆಲಿನ ಅರಮನೆಯ ಸಂಗತಿಗಳನ್ನು ಹೇಳುವಾಗ ಆ ಅರಮನೆಯ ಉದ್ಯೋಗಸ್ಥನನ್ನು ಅಲ್ಲಿಯ ಹೆಸರಿನಿಂದಲೇ ಕರೆದರು.

ಕ್ರಿಸ್ತಶಕ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯಲ್ಲಿದ್ದು ಸತ್ಯವೇದವನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್ ಮೊದಲಾದವರಿಗೆ ಈ ವಿಷಯವು ತಿಳಿಯುವ ಮಾರ್ಗವೇ ಇದ್ದಿಲ್ಲ. ಆಗ ಆ ಮಣ್ಣಿನ ಹಲಗೆಗಳು ಇನ್ನೂ ನೆಲದೊಳಗೆ ಹೂಣಿರಲ್ಪಟ್ಟಿದ್ದವು. ನಿನೆವೆ ಪಟ್ಟಣದ ಅರಮನೆಗಳು ೧೮೪೦ರ ದಶಕದ ಕೊನೆಯಿಂದ ಅಗೆಯಲ್ಪಟ್ಟು, ಅಶ್ಶೂರ್ಬಾನಿಪಾಲನೆಂಬ ಅರಸನ ಪುಸ್ತಕಭಂಡಾರವು ಬೆಳಕಿಗೆ ಬಂತು. ೧೮೫೭ರಲ್ಲಿ ಲಂಡನ್ ಪಟ್ಟಣದ ರಾಯಲ್ ಏಷಿಯಾಟಿಕ್ ಸೊಸೈಟಿಯವರು ಒಂದೇ ಶಾಸನವನ್ನು ರಾಲಿನ್ಸನ್, ಹಿಂಕ್ಸ್, ಓಪ್ಪರ್ಟ್, ಟಾಲ್ಬಟ್ ಎಂಬ ನಾಲ್ವರು ಪಂಡಿತರು ಒಬ್ಬರಿಗೊಬ್ಬರು ತೋರಿಸದೆ ಮಾಡಿದ ಭಾಷಾಂತರಗಳನ್ನು ಹೋಲಿಸಿ ನೋಡಿದರು. ಮುಖ್ಯಾಂಶಗಳಲ್ಲಿ ನಾಲ್ವರದೂ ಒಂದಾಗಿದ್ದದರಿಂದ ಆ ಲಿಪಿಯನ್ನು ಓದುವ ವಿದ್ಯೆಯು ಸ್ಥಿರವಾಯಿತೆಂದು ಎಲ್ಲರೂ ಒಪ್ಪಿಕೊಂಡರು. ಆ ಭಾಷೆಗೆ ಷಿಕಾಗೋ ವಿಶ್ವವಿದ್ಯಾಲಯದವರು ೧೯೨೧ರಲ್ಲಿ ಆರಂಭಿಸಿದ ದೊಡ್ಡ ನಿಘಂಟು ೨೦೧೧ರಲ್ಲಿ ಪೂರ್ತಿಯಾಯಿತು. ಹೀಗೆ ನಮ್ಮ ಹಿರಿಯರು ಊಹಿಸಿಕೊಂಡು ಬರೆದ ಮಾತಿನ ಅರ್ಥವನ್ನು ನಾವು ಆ ಕಸಬಿನವರ ಸ್ವಂತ ಬರಹಗಳಿಂದಲೇ ತಿಳಿದುಕೊಳ್ಳಬಹುದಾಗಿದೆ.

೩. ಆಶಿಪುವಿನ ಕೆಲಸವೇನು?

ಮೊದಲನೆಯದಾಗಿ, ಅವನು ಓದುಬರಹ ಬಲ್ಲ ವಿದ್ವಾಂಸನು. ಅಶ್ಶೂರ ದೇಶದ ಅರಸರ ಬಳಿಯಲ್ಲಿ ಐದು ವಿಧವಾದ ಪಂಡಿತರಿದ್ದರು. ನಕ್ಷತ್ರಗಳನ್ನು ನೋಡಿ ಬರೆಯುವವನು, ಕುರಿಯ ಪಿತ್ತಕೋಶ ಮೊದಲಾದವುಗಳನ್ನು ನೋಡಿ ಶಕುನ ಹೇಳುವ ‘ಬಾರೂ’, ಮಂತ್ರ ಹೇಳುವ ಆಶಿಪು, ಮದ್ದು ಕೊಡುವ ವೈದ್ಯನಾದ ‘ಅಸೂ’, ದೇವತೆಯ ಕೋಪವನ್ನು ಶಾಂತಪಡಿಸಲು ಪ್ರಲಾಪ ಹಾಡುವ ‘ಕಲೂ’ ಇವರೇ ಆ ಐವರು. ಬಾರೂ ಮಾಡುವಂಥ ಕೆಲಸವನ್ನು ಬಾಬೆಲಿನ ಅರಸನು ದಾರಿಯ ಕವಲಿನಲ್ಲಿ ಮಾಡಿಸಿದನೆಂದು ಯೆಹೆಜ್ಕೇಲನು ಬರೆದಿದ್ದಾನೆ (ಯೆಹೆ. ೨೧:೨೧). ಏಸರ್ಹದ್ದೋನ, ಅಶ್ಶೂರ್ಬಾನಿಪಾಲ ಎಂಬ ಅರಸರಿಗೆ ಅವರ ಆಶಿಪುಗಳು ಬರೆದ ಕಾಗದಗಳು ನಿನೆವೆಯಲ್ಲಿ ಸಿಕ್ಕಿ ಇಂದಿಗೂ ಅವೆ. ಅದದ್ಶುಮುಉಸುರ್ ಎಂಬವನು ಏಸರ್ಹದ್ದೋನನ ಸ್ವಂತ ಆಶಿಪುವಾಗಿದ್ದನು. ಅರಸನ ಮಕ್ಕಳ ಆರೋಗ್ಯ, ಗ್ರಹಣದ ಭಯ, ಯಾವ ದಿನ ಯಾವ ಕರ್ಮ ಮಾಡಬೇಕು ಎಂಬ ಸಂಗತಿಗಳೇ ಇಂಥ ಕಾಗದಗಳಲ್ಲಿ ತುಂಬಿವೆ.

ಅಶ್ಶೂರ್ ಎಂಬ ಪಟ್ಟಣದಲ್ಲಿ ಜರ್ಮನ್ ಪಂಡಿತರು ೧೯೦೩ರಿಂದ ೧೯೧೪ರ ವರೆಗೆ ಅಗೆದಾಗ ಒಂದು ಆಶಿಪು ಮನೆತನದವರ ಮನೆಯೇ ಸಿಕ್ಕಿತು. ಅದರಲ್ಲಿ ನೂರಾರು ಮಣ್ಣಿನ ಹಲಗೆಗಳಿದ್ದವು. ಆ ಮನೆತನದ ಕಿಸಿರ್ಅಶ್ಶೂರ್ ಎಂಬವನು ಹುಡುಗನಾಗಿ ಹಲಗೆಗಳನ್ನು ನಕಲುಮಾಡುತ್ತಾ ಕಲಿತು, ಕಡೆಗೆ ಅಶ್ಶೂರ್ ದೇವತೆಯ ಗುಡಿಯ ಆಶಿಪುವಾದನು. ಕ್ರಿಸ್ತಪೂರ್ವ ೬೧೪ರಲ್ಲಿ ಮೇದ್ಯರು ಆ ಪಟ್ಟಣವನ್ನು ಹಾಳುಮಾಡಿದರು. ದಾನಿಯೇಲನು ಬಾಬೆಲಿಗೆ ಒಯ್ಯಲ್ಪಡುವದಕ್ಕೆ ಸ್ವಲ್ಪವೇ ವರುಷಗಳ ಮುಂಚೆ ಇದು ನಡೆಯಿತು.

ಎರಡನೆಯದಾಗಿ, ಅವನು ರೋಗಿಯ ಮನೆಗೆ ಹೋಗುವವನು. ಆಶಿಪುವು ರೋಗಿಯ ಮನೆಗೆ ಹೋಗುವಾಗ ಏನೇನು ನೋಡಬೇಕೆಂಬದನ್ನು ತಿಳಿಸುವ ನಾಲ್ವತ್ತು ಹಲಗೆಗಳ ಒಂದು ಗ್ರಂಥವಿತ್ತು. ಬೋರ್ಸಿಪ್ಪ ಪಟ್ಟಣದ ಎಸಗಿಲ್‌ಕಿನ್ಅಪ್ಲಿ ಎಂಬ ಪಂಡಿತನು ಕ್ರಿಸ್ತಪೂರ್ವ ಹನ್ನೊಂದನೆಯ ಶತಮಾನದಲ್ಲಿ ಅದನ್ನು ಕ್ರಮಪಡಿಸಿದನು. ಅದರ ಮೊದಲಿನ ಎರಡು ಹಲಗೆಗಳು ದಾರಿಯಲ್ಲಿ ಕಾಣುವ ಶಕುನಗಳ ವಿಷಯವಾದವುಗಳು. ಕಪ್ಪು ನಾಯಿಯಾಗಲಿ ಕಪ್ಪು ಹಂದಿಯಾಗಲಿ ಎದುರಾದರೆ ರೋಗಿಯು ಸಾಯುವನೆಂದು ಅಲ್ಲಿ ಹೇಳಿದೆ. ಆಮೇಲೆ ತಲೆಯಿಂದ ಕಾಲಿನ ವರೆಗೆ ಒಂದೊಂದು ಅವಯವದಲ್ಲಿ ಕಾಣುವ ರೋಗಲಕ್ಷಣಗಳು ಬಹು ಸೂಕ್ಷ್ಮವಾಗಿ ಬರೆಯಲ್ಪಟ್ಟವೆ. ಕೊನೆಯ ಹಲಗೆಗಳು ಗರ್ಭಿಣಿಯರ ಮತ್ತು ಕೂಸುಗಳ ವಿಷಯವಾದವುಗಳು. ಲಕ್ಷಣಗಳನ್ನು ನೋಡಿದ ಮೇಲೆ ಇದು ಇಂಥ ದೇವತೆಯ ಕೈ, ಅಥವಾ ಇಂಥ ದೆವ್ವದ ಕೈ ಎಂದು ತೀರ್ಪು ಹೇಳುವದು ಅಲ್ಲಿಯ ರೂಢಿ. ಲಮಷ್ಟು ಎಂಬ ಹೆಣ್ಣುದೆವ್ವವು ಬಾಣಂತಿಯರನ್ನೂ ಹಸುಗೂಸುಗಳನ್ನೂ ಹಿಡಿಯುವದೆಂದು ಆ ಜನರು ಹೆದರುತ್ತಿದ್ದದರಿಂದ ಆಶಿಪುವು ಅದರ ಚಿತ್ರವನ್ನು ಕೆತ್ತಿದ ತಾಯಿತಗಳನ್ನು ಕೊಡುತ್ತಿದ್ದನು. ಅವನು ಗಿಡಮೂಲಿಕೆಗಳನ್ನೂ ಉಪಯೋಗಿಸುತ್ತಿದ್ದದರಿಂದ, ವೈದ್ಯನಾದ ಅಸೂವಿಗೂ ಅವನಿಗೂ ನಡುವೆ ಗಟ್ಟಿಯಾದ ಗೋಡೆಯು ಇರಲಿಲ್ಲ.

ಮೂರನೆಯದಾಗಿ, ಅವನು ಪಾಪವನ್ನು ಕುರಿತು ವಿಚಾರಿಸುವವನು. ‘ಶುರ್ಪು’ ಎಂಬ ಕರ್ಮದಲ್ಲಿ ರೋಗಿಯು ಯಾವ ದೋಷ ಮಾಡಿರಬಹುದೆಂದು ಉದ್ದವಾದ ಪಟ್ಟಿಯನ್ನು ಓದುತ್ತಿದ್ದರು. ಮಗನನ್ನು ತಂದೆಯಿಂದ ಅಗಲಿಸಿದನೋ, ಕಳ್ಳ ತಕ್ಕಡಿಯನ್ನು ಹಿಡಿದನೋ ಎಂಬಂಥ ಪ್ರಶ್ನೆಗಳು ಅದರಲ್ಲಿ ಅವೆ. ಆಮೇಲೆ ಈರುಳ್ಳಿಯ ಸಿಪ್ಪೆಯನ್ನು ಸುಲಿದು ಬೆಂಕಿಗೆ ಹಾಕಿ, ದೋಷವು ಹಾಗೆಯೇ ಸುಲಿದು ಸುಟ್ಟುಹೋಗಲಿ ಎಂದು ಮಂತ್ರ ಹೇಳುತ್ತಿದ್ದರು.

ನಾಲ್ಕನೆಯದಾಗಿ, ಹೊಸ ವಿಗ್ರಹಕ್ಕೆ ‘ಬಾಯಿ ತೊಳೆಯುವ’ ಕರ್ಮವನ್ನು ನಡಿಸುವವನೂ ಇವನೇ. ಆ ಕರ್ಮದಲ್ಲಿ ಶಿಲ್ಪಿಗಳ ಕೈಗಳನ್ನು ಕಟ್ಟಿ, ಮರದ ಕತ್ತಿಯಿಂದ ಕಡಿದಂತೆ ನಟಿಸಿ, ಇದನ್ನು ನಾವು ಮಾಡಲಿಲ್ಲ, ಇಂಥ ದೇವತೆಯೇ ಮಾಡಿದನು ಎಂದು ಅವರಿಂದ ಆಣೆಯಿಡಿಸುತ್ತಿದ್ದರು. ಯೆಶಾಯನ ಗ್ರಂಥದ ನಾಲ್ವತ್ತನಾಲ್ಕನೆಯ ಅಧ್ಯಾಯದಲ್ಲಿ ಬಡಿಗನು ಮರ ಕಡಿದು, ಅರ್ಧವನ್ನು ಒಲೆಗೆ ಹಾಕಿ, ಉಳಿದದ್ದಕ್ಕೆ ಅಡ್ಡಬೀಳುವ ಸಂಗತಿಯು ಯಾಕೆ ಅಷ್ಟು ವಿವರವಾಗಿ ಬರೆಯಲ್ಪಟ್ಟಿತೆಂಬದು ಇದರಿಂದ ನಮಗೆ ಹೆಚ್ಚು ಸ್ಪಷ್ಟವಾಗುವದು. ಶಿಲ್ಪಿಯ ಕೈಯನ್ನು ಬಾಬೆಲಿನವರು ಮರೆಮಾಡಿದರು. ಪ್ರವಾದಿಯು ಆ ಕೈಯನ್ನೇ ತೋರಿಸಿಕೊಟ್ಟನು.

೪. ಅಶ್ಶಾಫನೂ ಮಾಟಗಾರನೂ ಒಂದೇ ಅಲ್ಲ

ದಾನಿಯೇಲ ೨:೨ರಲ್ಲಿರುವ ಬೇರೆ ಹೆಸರುಗಳನ್ನೂ ಸಂಕ್ಷೇಪವಾಗಿ ನೋಡೋಣ. ಮೊದಲನೆಯದಾದ ‘ಹರ್ತುಮ್ಮೀಮ್’ ಎಂಬದು ಐಗುಪ್ತದಿಂದ ಬಂದ ಮಾತು. ಯೋಸೇಫನ ಕಾಲದಲ್ಲಿ ಫರೋಹನ ಕನಸನ್ನು ತಿಳಿಸಲಾರದೆ ಹೋದವರೂ (ಆದಿ. ೪೧:೮), ಮೋಶೆ ಆರೋನರನ್ನು ಎದುರಿಸಿದವರೂ (ವಿಮೋ. ೭:೧೧, ೨೨) ಇದೇ ಹೆಸರುಳ್ಳವರು. ಐಗುಪ್ತದಲ್ಲಿ ಗುಡಿಯ ಗ್ರಂಥಗಳನ್ನು ಓದುವ ಮುಖ್ಯಯಾಜಕನ ಬಿರುದಿನಿಂದ ಇದು ಹುಟ್ಟಿತೆಂದು ಪಂಡಿತರಲ್ಲಿ ಹೆಚ್ಚಿನವರು ಹೇಳುತ್ತಾರೆ. ನಾಲ್ಕನೆಯದಾದ ‘ಕಸ್ದೀಯರು’ ಎಂಬದು ಮೂಲದಲ್ಲಿ ಒಂದು ಜನಾಂಗದ ಹೆಸರಾಗಿದ್ದು, ಇಲ್ಲಿ ಒಂದು ಪಂಡಿತವರ್ಗದ ಹೆಸರಾಗಿದೆ.

ಮೂರನೆಯ ಹೆಸರನ್ನು ವಿಶೇಷವಾಗಿ ಗಮನಿಸಬೇಕು. ಅದು ‘ಮೆಕಶ್ಶೆಫೀಮ್’, ಅಂದರೆ ಮಾಟಗಾರರು. ಇದಕ್ಕೆ ಸಮನಾದ ಅಕ್ಕದ ಮಾತುಗಳು ‘ಕಶ್ಶಾಪು’ ಮತ್ತು ‘ಕಶ್ಶಾಪ್ತು’, ಅಂದರೆ ಮಾಟಗಾರನು ಮತ್ತು ಮಾಟಗಾತಿ. ಬಾಬೆಲಿನಲ್ಲಿ ಆಶಿಪುವೂ ಕಶ್ಶಾಪುವೂ ಒಬ್ಬನೇ ಅಲ್ಲ. ಅವರು ಒಬ್ಬರಿಗೊಬ್ಬರು ವಿರೋಧಿಗಳು. ಕಶ್ಶಾಪುವು ಕತ್ತಲೆಯಲ್ಲಿ ನೆರೆಯವನಿಗೆ ಕೇಡು ಮಾಡುವವನೆಂದು ಎಲ್ಲರೂ ಹಗೆಮಾಡುತ್ತಿದ್ದರು. ಆಶಿಪುವೋ ಆ ಕೇಡನ್ನು ತೆಗೆಯುವದಕ್ಕಾಗಿ ಹಗಲಿನಲ್ಲಿ ಗೌರವದಿಂದ ಕರೆಯಲ್ಪಡುವವನು. ‘ಮಕ್ಲೂ’ ಎಂಬ ಹೆಸರಿನ ದೊಡ್ಡ ಕರ್ಮದ ಗ್ರಂಥವೊಂದುಂಟು. ಹೆಚ್ಚು ಕಡಿಮೆ ನೂರು ಮಂತ್ರಗಳುಳ್ಳ ಆ ಗ್ರಂಥವು ಪೂರ್ತಿಯಾಗಿ ಮಾಟಗಾತಿಯ ವಿರುದ್ಧವಾದದ್ದು. ಅವಳ ಗೊಂಬೆಗಳನ್ನು ಮಾಡಿ ಆಶಿಪುವು ಅವುಗಳನ್ನು ಬೆಂಕಿಯಲ್ಲಿ ಸುಡಿಸುತ್ತಿದ್ದನು. ಮಾಟ ಮಾಡುವವನೂ ಮಾಟ ತೆಗೆಯುವವನೂ ನಮ್ಮ ಜನರ ಬಾಯಿಯಲ್ಲಿ ಬೇರೆಬೇರೆಯಾಗಿರುವಂತೆಯೇ ಅಲ್ಲಿಯೂ ಇತ್ತು.

ಈಗ ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯವನ್ನು ತೆರೆಯಿರಿ. ಇಸ್ರಾಯೇಲ್ಯರಲ್ಲಿ ಇರಕೂಡದವರ ಪಟ್ಟಿಯು ಅಲ್ಲಿ ಅದೆ. ಕಣಿ ಹೇಳುವವನು, ಶಕುನ ನೋಡುವವನು, ಮಾಟಗಾರನು, ಸತ್ತವರನ್ನು ವಿಚಾರಿಸುವವನು ಮೊದಲಾದವರ ಹೆಸರುಗಳು ಅದರಲ್ಲಿವೆ. ‘ಮೆಕಶ್ಶೆಫ್’ ಎಂಬ ಮಾತು ಅಲ್ಲಿ ಬರುತ್ತದೆ. ‘ಅಶ್ಶಾಫ್’ ಎಂಬದು ಬರುವದಿಲ್ಲ. ಹಾಗಾದರೆ ಅಶ್ಶಾಫನ ವಿದ್ಯೆಗೆ ಅಪ್ಪಣೆಯುಂಟೆಂದು ಹೇಳೋಣವೋ? ಕೂಡದು. ಮಂತ್ರ ಹಾಕಿ ಕಟ್ಟುವವನೂ ಶಕುನ ನೋಡುವವನೂ ಅದೇ ಪಟ್ಟಿಯಲ್ಲಿದ್ದಾರೆ. ಆಶಿಪುವಿನ ದಿನದ ಕೆಲಸದಲ್ಲಿ ಹೆಚ್ಚಿನ ಭಾಗವು ಅವುಗಳೇ. ಹೆಸರು ಇಲ್ಲದಿದ್ದರೂ ಕೆಲಸವು ನಿಷೇಧಿಸಲ್ಪಟ್ಟದೆ. ಆದರೆ ಇದರಿಂದ ಒಂದು ಸಂಗತಿಯನ್ನು ತಿಳಿದುಕೊಳ್ಳಬಹುದು: ದಾನಿಯೇಲನ ಗ್ರಂಥವು ಅಶ್ಶಾಫ್ ಎಂಬ ಹೆಸರನ್ನು ಬೈಗಳಾಗಿ ಉಪಯೋಗಿಸುವದಿಲ್ಲ. ಅದು ಆ ದೇಶದಲ್ಲಿ ಗೌರವವುಳ್ಳ ಒಂದು ಉದ್ಯೋಗದ ಹೆಸರು. ಆ ಉದ್ಯೋಗಸ್ಥರು ಮೋಸಗಾರರೆಂದು ಅಲ್ಲ, ಅವರ ವಿದ್ಯೆಯು ಅರಸನ ಪ್ರಶ್ನೆಗೆ ಸಾಲದೆಂದು ಮಾತ್ರ ಗ್ರಂಥವು ತೋರಿಸುತ್ತದೆ.

೫. ದಾನಿಯೇಲನು ಅಶ್ಶಾಫನೋ?

ಕೆಲವರು ಈ ಪ್ರಶ್ನೆಗೆ ಸುಲಭವಾದ ಉತ್ತರವನ್ನು ಕೊಡುವರು. ಮಂತ್ರವಾದಿಯು ತನ್ನ ಶಕ್ತಿಯನ್ನು ಕೊಚ್ಚಿಕೊಳ್ಳುವನು, ದಾನಿಯೇಲನಾದರೋ ಮಹಿಮೆಯನ್ನು ದೇವರಿಗೆ ಸಲ್ಲಿಸಿದನು, ಇದೇ ವ್ಯತ್ಯಾಸವೆಂದು ಹೇಳುವರು. ಈ ಉತ್ತರವು ಪೂರ್ತಿಯಾಗಿ ಸಾಲದು. ಯಾಕಂದರೆ ಆಶಿಪುವು ಸಹ ತನ್ನ ಮಂತ್ರದ ಕೊನೆಯಲ್ಲಿ ಈ ಮಂತ್ರವು ತನ್ನದಲ್ಲವೆಂತಲೂ, ಎಯಾ ಮತ್ತು ಅಸಲ್ಲುಹಿ ಎಂಬ ದೇವತೆಗಳದ್ದೆಂತಲೂ ಹೇಳುವ ರೂಢಿಯಿತ್ತು. ತಾನು ಎಯಾ ದೇವತೆಯ ದೂತನೆಂದು ಅವನು ರೋಗಿಯ ಮುಂದೆ ಅರಿಕೆಮಾಡುತ್ತಿದ್ದನು. ಬಾಯಿಮಾತಿನ ದೀನತೆಯಲ್ಲಿ ಇಬ್ಬರೂ ಸಮಾನರಾಗಿ ಕಾಣುವರು. ಎದುರಾಳಿಯ ಒಳ್ಳೇದನ್ನು ಮರೆಮಾಡಿ ನಮ್ಮದನ್ನು ದೊಡ್ಡದುಮಾಡುವದು ಸತ್ಯಕ್ಕೆ ತಕ್ಕದ್ದಲ್ಲ.

ನಿಜವಾದ ವ್ಯತ್ಯಾಸವು ಬೇರೆ ಕಡೆಯಲ್ಲಿ ಅದೆ. ಆಶಿಪುವಿನ ಬಳಿಯಲ್ಲಿ ಒಂದು ಕ್ರಮವಿತ್ತು. ಇಂಥ ಮಂತ್ರವನ್ನು ಇಷ್ಟು ಸಾರಿ ಹೇಳಿ, ಇಂಥ ನೀರನ್ನು ಚಿಮುಕಿಸಿ, ಇಂಥ ದಿನದಲ್ಲಿ ಇಂಥ ಗೊಂಬೆಯನ್ನು ಸುಟ್ಟರೆ ದೇವತೆಯ ಶಕ್ತಿಯು ಆ ಕ್ರಮದೊಂದಿಗೆ ಬರುವದೆಂಬದು ಅವನ ನಂಬಿಕೆ. ಆದದರಿಂದಲೇ ಅರಸನು ಕನಸನ್ನು ಹೇಳದೆ ಇದ್ದಾಗ ಅವರೆಲ್ಲರೂ ದಿಕ್ಕುಗೆಟ್ಟರು. ಲಕ್ಷಣವನ್ನು ತಿಳಿಸಿದರೆ ಮಾತ್ರ ಹಲಗೆಯನ್ನು ಹುಡುಕಬಹುದು, ಲಕ್ಷಣವೇ ಇಲ್ಲದಿದ್ದರೆ ಯಾವ ಹಲಗೆಯನ್ನು ತೆಗೆಯುವದು? ದೇವತೆಗಳ ಹೊರತು ಯಾರೂ ಇದನ್ನು ತಿಳಿಸಲಾರರು, ಅವರ ವಾಸವೋ ಮನುಷ್ಯರೊಂದಿಗೆ ಇಲ್ಲ ಎಂದು ಕಸ್ದೀಯರೇ ಒಪ್ಪಿಕೊಂಡರು (೨:೧೧). ಇಡೀ ಅಧ್ಯಾಯದ ಕೀಲು ಈ ಮಾತಿನಲ್ಲಿ ಅದೆ.

ದಾನಿಯೇಲನಾದರೋ ಏನು ಮಾಡಿದನು? ಅವನು ಅರಸನಿಂದ ಸಮಯ ಕೇಳಿಕೊಂಡನು, ಮನೆಗೆ ಹೋದನು, ಹನನ್ಯ, ಮೀಶಾಯೇಲ, ಅಜರ್ಯ ಎಂಬ ಮೂವರಿಗೆ ಸಂಗತಿಯನ್ನು ತಿಳಿಸಿದನು, ಪರಲೋಕದೇವರ ಕರುಣೆಯನ್ನು ಬೇಡಿಕೊಳ್ಳಿರಿ ಎಂದು ಹೇಳಿದನು (೨:೧೬-೧೮). ಇಲ್ಲಿ ನೀರಿಲ್ಲ, ಗೊಂಬೆಯಿಲ್ಲ, ಎಣಿಕೆಯಿಲ್ಲ, ಶುಭದಿನವೂ ಇಲ್ಲ. ಕೊಟ್ಟರೂ ಕೊಡದಿದ್ದರೂ ಆತನ ಚಿತ್ತವೆಂದು ನಾಲ್ವರು ಯುವಕರು ಬೇಡುವ ಬೇಡಿಕೆಯೊಂದೇ ಅದೆ. ಬೇಡುವವನು ಕೊಡುವವನನ್ನು ಕಟ್ಟಿಹಾಕಲಾರನು. ಮಂತ್ರಕ್ಕೂ ಪ್ರಾರ್ಥನೆಗೂ ಇರುವ ವ್ಯತ್ಯಾಸವು ಇದೇ.

ಆದಕಾರಣ ಆ ಹುಡುಗನ ಪ್ರಶ್ನೆಗೆ ಹೀಗೆ ಉತ್ತರ ಹೇಳಬಹುದು: ‘ಮಗುವೇ, ದಾನಿಯೇಲನು ಅವರ ಭಾಷೆಯನ್ನೂ ಶಾಸ್ತ್ರವನ್ನೂ ಕಲಿತನು; ಅವರ ನಡುವೆ ಉದ್ಯೋಗ ಮಾಡಿದನು; ಅವರಿಗೆ ಮುಖ್ಯಸ್ಥನೂ ಆದನು. ಆದರೆ ಕಷ್ಟಕಾಲದಲ್ಲಿ ಅವರ ಕ್ರಮದ ಮೇಲೆ ಭಾರಹಾಕದೆ ದೇವರ ಕರುಣೆಯ ಮೇಲೆ ಭಾರಹಾಕಿದನು.’ ಕಲಿಯುವದು ಬೇರೆ, ನೆಚ್ಚಿಕೊಳ್ಳುವದು ಬೇರೆ.

ಸತ್ತ ಸಮುದ್ರದ ಬಳಿಯ ಗವಿಯಲ್ಲಿ ೧೯೪೭ರಲ್ಲಿ ಸಿಕ್ಕಿದ ಹಳೇ ಸುರುಳಿಗಳಲ್ಲಿ ಅರಾಮ್ಯ ಭಾಷೆಯ ಒಂದು ಸುರುಳಿಯುಂಟು. ಅಬ್ರಾಮನ ಹೆಂಡತಿಯನ್ನು ಫರೋಹನು ತೆಗೆದುಕೊಂಡ ಸಂಗತಿಯು (ಆದಿ. ೧೨) ಅದರಲ್ಲಿ ಬೆಳೆಸಿ ಹೇಳಲ್ಪಟ್ಟದೆ. ಬಾಧೆಗೊಳಗಾದ ಫರೋಹನನ್ನು ವಾಸಿಮಾಡುವದಕ್ಕೆ ಬಂದು ಸೋತುಹೋದವರಲ್ಲಿ ವೈದ್ಯರ ಜೊತೆಗೆ ನಮ್ಮ ಈ ಆಶಫರೂ ಹೆಸರಿಸಲ್ಪಟ್ಟಿದ್ದಾರೆ. ಕಡೆಗೆ ಅಬ್ರಾಮನ ಪ್ರಾರ್ಥನೆಯಿಂದ ಅರಸನಿಗೆ ವಾಸಿಯಾಯಿತೆಂದು ಅದರಲ್ಲಿದೆ. ಅದು ಸತ್ಯವೇದದ ಭಾಗವಲ್ಲ. ಆದರೂ ಯೆಹೂದ್ಯರು ಈ ಮಾತನ್ನು ಬಾಬೆಲಿನಿಂದ ತಂದ ಮೇಲೆ ಬಹುಕಾಲ ಬಳಸುತ್ತಿದ್ದರೆಂದು ಅದರಿಂದ ತಿಳಿಯುತ್ತದೆ.

೬. ಮರೆಯಬಾರದ ಒಂದು ವಚನ

ದಾನಿಯೇಲ ೨:೨೪ನ್ನು ನಾವು ಅನೇಕವೇಳೆ ಬೇಗನೆ ದಾಟಿಹೋಗುತ್ತೇವೆ. ಅರಸನು ಕೋಪಗೊಂಡು ಬಾಬೆಲಿನ ವಿದ್ವಾಂಸರೆಲ್ಲರನ್ನೂ ಕೊಲ್ಲಬೇಕೆಂದು ಅಪ್ಪಣೆಕೊಟ್ಟಿದ್ದನು. ದೇವರು ರಹಸ್ಯವನ್ನು ತಿಳಿಸಿದ ಮೇಲೆ ದಾನಿಯೇಲನು ಮೊದಲು ಅರ್ಯೋಕನ ಬಳಿಗೆ ಹೋಗಿ, ಆ ವಿದ್ವಾಂಸರನ್ನು ಕೊಲ್ಲಬೇಡವೆಂದು ಬೇಡಿಕೊಂಡನು; ಆಮೇಲೆಯೇ ತನ್ನನ್ನು ಅರಸನ ಸನ್ನಿಧಿಗೆ ಕರೆದುಕೊಂಡು ಹೋಗೆಂದನು. ತನ್ನ ಸಂಗಡ ಪೈಪೋಟಿಗಿದ್ದ, ವಿಗ್ರಹಗಳ ಬಾಯಿ ತೊಳೆಯುವ, ದೆವ್ವಗಳ ತಾಯಿತ ಕಟ್ಟುವ ಆಶಿಪುಗಳ ಪ್ರಾಣಕ್ಕಾಗಿ ಅವನು ಬೇಡಿದನು. ಸುಮ್ಮನಿದ್ದಿದ್ದರೆ ಅವನ ಎದುರಾಳಿಗಳು ಒಂದೇ ದಿನದಲ್ಲಿ ಇಲ್ಲದೆಹೋಗುತ್ತಿದ್ದರು. ಅವನು ಸುಮ್ಮನಿರಲಿಲ್ಲ.

ಈ ಮಾತಿನ ಚರಿತ್ರೆಯಲ್ಲಿ ಇದಕ್ಕೆ ಒಂದು ಸುಂದರವಾದ ಮುಂದರಿಕೆಯೂ ಉಂಟು. ಥಿಯೊಡೋಷನನ ಹೆಸರಿನಿಂದ ಕರೆಯಲ್ಪಡುವ ದಾನಿಯೇಲನ ಗ್ರೀಕ್ ಭಾಷಾಂತರವನ್ನೇ ಪುರಾತನ ಸಭೆಗಳು ಓದುತ್ತಿದ್ದವು. ಅದರಲ್ಲಿ ಅಶ್ಶಾಫೀಮ್ ಎಂಬದಕ್ಕೆ ‘ಮಾಗೋಯ್’ ಎಂಬ ಮಾತನ್ನು ಹಾಕಿದೆ. ಅದೇ ಮಾತು ಹೊಸ ಒಡಂಬಡಿಕೆಯಲ್ಲಿ ಎರಡು ಕಡೆಗಳಲ್ಲಿ ಕಾಣುವದು. ಕುಪ್ರದ್ವೀಪದಲ್ಲಿ ಪೌಲನನ್ನು ಎದುರಿಸಿ ಕುರುಡನಾದ ಬಾರ್ಯೇಸುವು ಒಬ್ಬ ‘ಮಾಗೋಸ್’ (ಅ. ಕೃ. ೧೩:೬-೧೧). ಮೂಡಣ ದೇಶದಿಂದ ನಕ್ಷತ್ರವನ್ನು ಕಂಡು ಬಂದು ಮಗುವಾದ ಯೇಸುವಿಗೆ ಅಡ್ಡಬಿದ್ದವರೂ ‘ಮಾಗೋಯ್’ (ಮತ್ತಾ. ೨:೧-೧೨). ಒಂದೇ ಹೆಸರಿನ ಒಬ್ಬನು ಬೆಳಕನ್ನು ಎದುರಿಸಿ ಕತ್ತಲೆಗೆ ಬಿದ್ದನು. ಅದೇ ಹೆಸರಿನ ಬೇರೆಯವರು ಕತ್ತಲೆಯಿಂದ ಬೆಳಕಿನ ಬಳಿಗೆ ನಡೆದು ಬಂದರು. ಹೆಸರನ್ನು ನೋಡಿ ಮನುಷ್ಯನನ್ನು ತೀರ್ಮಾನಿಸಕೂಡದೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೋ?

೭. ನಮಗೆ ಬುದ್ಧಿಮಾತು

ಒಂದು. ರೋಗ ಬಂದಾಗ ‘ಇದು ಯಾರ ಕೈ?’ ಎಂದು ಕೇಳುವ ಅಭ್ಯಾಸವು ಬಾಬೆಲಿನಷ್ಟು ಹಳೆಯದು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಅಂಥ ಪ್ರಶ್ನೆಯನ್ನೇ ಕೇಳಿದರು, ಕರ್ತನು ಆ ಪ್ರಶ್ನೆಯನ್ನು ತಳ್ಳಿಹಾಕಿದನು (ಯೋಹಾ. ೯:೧-೩). ಮಗುವಿಗೆ ಜ್ವರ ಏರಿದರೆ ಶಕುನ ನೋಡುತ್ತಾ ಕೂತುಕೊಳ್ಳಬೇಡಿರಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ, ದಾರಿಯಲ್ಲಿ ಪ್ರಾರ್ಥಿಸಿರಿ. ಮದ್ದನ್ನು ತೆಗೆದುಕೊಳ್ಳುವದು ಅಪನಂಬಿಕೆಯಲ್ಲ.

ಎರಡು. ಪ್ರಾರ್ಥನೆಯನ್ನು ಮಂತ್ರವನ್ನಾಗಿ ಮಾಡಿಕೊಳ್ಳಬೇಡಿರಿ. ಸತ್ಯವೇದದ ಪುಸ್ತಕವನ್ನು ತಲೆದಿಂಬಿನ ಕೆಳಗೆ ಇಟ್ಟರೆ ದೆವ್ವ ಬರುವದಿಲ್ಲವೆಂತಲೂ, ಇಂಥ ಕೀರ್ತನೆಯನ್ನು ಏಳು ಸಾರಿ ಓದಿದರೆ ಕೆಲಸ ಕೈಗೂಡುವದೆಂತಲೂ ಹೇಳುವವನು ತಾಯಿತವನ್ನು ಬಿಚ್ಚಿಹಾಕಲಿಲ್ಲ. ಅದರ ದಾರವನ್ನು ಮಾತ್ರ ಬದಲಾಯಿಸಿದ್ದಾನೆ.

ಮೂರು. ‘ಮಾಟಗಾತಿ’ ಎಂಬ ಮಾತನ್ನು ಯಾರ ಮೇಲೆಯೂ ಎಸೆಯಬೇಡಿರಿ. ಬಾಬೆಲಿನಲ್ಲಿ ಕಶ್ಶಾಪ್ತುವಿನ ಹೆಸರು ಯಾರಿಗೂ ತಿಳಿಯದಿದ್ದರೂ ಅವಳ ಗೊಂಬೆಯನ್ನು ಸುಡುತ್ತಿದ್ದರು. ನಮ್ಮ ಊರುಗಳಲ್ಲಿಯೋ, ದಿಕ್ಕಿಲ್ಲದ ವಿಧವೆಯ ಅಥವಾ ಒಬ್ಬಂಟಿಗಳಾದ ಮುದುಕಿಯ ಹೆಸರು ಥಟ್ಟನೆ ಸಿಕ್ಕಿಬಿಡುವದು. ಯಾರ ದನ ಸತ್ತರೂ, ಯಾರ ಕೂಸು ಸೊರಗಿದರೂ ಬೆರಳು ಅವಳ ಕಡೆಗೆ ತಿರುಗುವದು. ಎದುರಾಳಿಗಳ ಪ್ರಾಣಕ್ಕಾಗಿ ಬೇಡಿಕೊಂಡ ದಾನಿಯೇಲನನ್ನು ಓದುವ ಸಭೆಯವರು ಆಗ ಅವಳ ಮನೆಯ ಬಾಗಲಿನ ಮುಂದೆ ನಿಂತುಕೊಳ್ಳತಕ್ಕದ್ದು. ಗುಂಪಿನೊಂದಿಗೆ ಅಲ್ಲ, ಗುಂಪಿಗೆ ಎದುರಾಗಿ.

ನಾಲ್ಕು. ಮಂತ್ರ ಹಾಕುವ ನೆರೆಯವನನ್ನು ಹೀಯಾಳಿಸಬೇಡಿರಿ. ಅವನ ಬಳಿಗೆ ಹೋಗುವದನ್ನು ಬಿಟ್ಟುಬಿಡಿರಿ, ಆದರೆ ಅವನ ಮನೆಯಲ್ಲಿ ಕಾಯಿಲೆ ಬಂದಾಗ ನೀವೇ ಮೊದಲು ಹೋಗಿ ವಿಚಾರಿಸಿರಿ. ಮೂಡಣ ದೇಶದ ದಾರಿಯಲ್ಲಿ ಅವನಿಗೂ ನಕ್ಷತ್ರವು ಕಾಣಬಹುದು.

ಪ್ರಶ್ನೆಗಳು

೧. ಅಶ್ಶಾಫ್ ಎಂಬ ಮಾತು ಇಬ್ರಿಯ ಭಾಷೆಯದ್ದಲ್ಲವೆಂದು ಹೇಗೆ ತಿಳಿಯಬಹುದು?
೨. ಬಾಬೆಲಿನಲ್ಲಿ ಆಶಿಪುವಿಗೂ ಕಶ್ಶಾಪುವಿಗೂ ಇದ್ದ ವ್ಯತ್ಯಾಸವೇನು?
೩. ಧರ್ಮೋಪದೇಶಕಾಂಡದ ಪಟ್ಟಿಯಲ್ಲಿ ಅಶ್ಶಾಫನ ಹೆಸರಿಲ್ಲ. ಆದರೂ ಅವನ ವಿದ್ಯೆಯು ಯಾಕೆ ಕೂಡದು?
೪. ದಾನಿಯೇಲ ೨:೧೬-೧೮ನ್ನು ಓದಿ, ಮಂತ್ರಕ್ಕೂ ಪ್ರಾರ್ಥನೆಗೂ ಇರುವ ವ್ಯತ್ಯಾಸವನ್ನು ನಿಮ್ಮ ಸ್ವಂತ ಮಾತಿನಲ್ಲಿ ಹೇಳಿರಿ.
೫. ನಿಮ್ಮ ಊರಿನಲ್ಲಿ ಯಾರ ಮೇಲಾದರೂ ಮಾಟದ ಅಪವಾದ ಹೊರಿಸಲ್ಪಟ್ಟಿದ್ದರೆ ಸಭೆಯವರು ದಾನಿಯೇಲ ೨:೨೪ಕ್ಕೆ ತಕ್ಕಂತೆ ಏನು ಮಾಡಬಹುದು?